ಏಳನೆಯ ಹೆಸರು

ಜಸಿಂತಾ ಚರ್ಚಿನ ಪಾಲನಾ ಮಂಡಳಿಗೆ ಅರೆಕಾಲಿಕ ಗುಮಾಸ್ತೆ. ದಿನಕ್ಕೆರಡು ಗಂಟೆ ಮನೆಯಲ್ಲೇ ಕುಳಿತು ಮಂಡಳಿಯ ಕಾಗದಪತ್ರ ಬರೆದುಕೊಡುತ್ತಿದ್ದಳು. ಸ್ಮಶಾನದಲ್ಲಿ ಜಾಗ ಸಾಲದೆ, ಇಪ್ಪತ್ತು ವರ್ಷ ದಾಟಿದ ಹನ್ನೊಂದು ಸಮಾಧಿಗಳನ್ನು ಅಗೆದು ಹೊಸಬರಿಗೆ ಬಿಟ್ಟುಕೊಡುವುದೆಂದು ಮಂಡಳಿ ತೀರ್ಮಾನಿಸಿತು. ಆ ಮನೆಗಳಿಗೆ ನೋಟಿಸು ಬರೆಯುತ್ತ ಬಂದವಳ ಕೈ ಏಳನೆಯ ಹೆಸರಿಗೆ ನಿಂತುಬಿಟ್ಟಿತು. ಆರನೇ ವಯಸ್ಸಿಗೇ ತೀರಿಕೊಂಡ ಅವಳ ಮಗ, ಮೆಲ್ವಿನ್.

"ಉಪಾಧ್ಯಕ್ಷರ ಹತ್ರ ಒಂದು ಮಾತು ಹೇಳಿ ನೋಡು," ಎಂದ ಗಂಡ.

"ಬರೆಯುವವಳೇ ತನ್ನದು ಉಳಿಸಿಕೊಂಡ್ರೆ ಊರವರು ಎಂತ ಹೇಳ್ಲಿಕ್ಕಿಲ್ಲ? ನಿಯಮ ಎಲ್ರಿಗೂ ಒಂದೇ."

ತನ್ನ ಮನೆಯ ನೋಟಿಸನ್ನೂ ತಾನೇ ಬರೆದು, ಸಹಿ ಹಾಕಿ ತೆಗೆದುಕೊಂಡಳು.

ಅಗೆಯುವ ದಿನ ಹೊರಗೆ ಕಾಲಿಡಲಿಲ್ಲ. ವಾರ ಕಳೆದ ಮೇಲೆ ಮೇಣದಬತ್ತಿ ಹಿಡಿದು ಹೋದರೆ, ಹತ್ತು ಸಮಾಧಿಗಳು ಇದ್ದ ಹಾಗೇ ಇದ್ದವು. ಮಗನಿದ್ದಲ್ಲಿ ಮಾತ್ರ ಹಸಿಮಣ್ಣಿನ ಮೇಲೆ ಬೇರೆ ಯಾರದೋ ಶಿಲುಬೆ ನಿಂತಿತ್ತು.

ಅಲ್ಲಿಂದ ನೇರ ಉಪಾಧ್ಯಕ್ಷರ ಮನೆಗೆ ಹೋದಳು. "ಉಳಿದದ್ದು ಯಾಕೆ ಹಾಗೇ ಉಂಟು?"

"ಅವರೆಲ್ಲ ಬಂದು ಅಗೀಬೇಡಿ ಅಂತ ಕೇಳಿಕೊಂಡ್ರು, ಜಸಿಂತಾ ಬಾಯಿ. ನೀವೊಬ್ರು ಕೇಳಲೇ ಇಲ್ಲ."