ಬಿಸಿಲಿಗೆ ಒಣಗಿದ ಬಟ್ಟೆ

ಗಂಜಲದ ವಾಸನೆ ಬಂದರೆ ನನಗೆ ಈಗಲೂ ಸಾವಿತ್ರಕ್ಕನ ಟೇಪ್ ರೆಕಾರ್ಡರ್ ನೆನಪಾಗುತ್ತದೆ.

ಬಾಗೂರಿನಲ್ಲಿ ನಮ್ಮ ಪಕ್ಕದ ಮನೆಯ ಸಾವಿತ್ರಕ್ಕ ಆಗ ಪಿಯುಸಿ ಓದುತ್ತಿದ್ದಳು. ಹಾಸನದಲ್ಲಿ ಊರಿಗೊಬ್ಬ ‘ಗೆಳತಿ’ಯನ್ನು ತಯಾರು ಮಾಡುವ ಆರೋಗ್ಯ ತರಬೇತಿ ಮುಗಿಸಿ, ಊರಿನ ಹುಡುಗಿಯರಿಗೆ ಮೈಯ ವಿಷಯ ಹೇಳಿಕೊಡಲು ಒಂದು ಕ್ಯಾಸೆಟ್ಟು ತಂದಿದ್ದಳು. ಆ ಮಧ್ಯಾಹ್ನ ನಾವು ನಾಲ್ಕೈದು ಹೈಸ್ಕೂಲು ಹುಡುಗಿಯರು ಅವಳ ಮನೆಯ ಜಗಲಿಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದೆವು. ಕ್ಯಾಸೆಟ್ಟಿನ ಹೆಂಗಸು ಮೆತ್ತಗೆ ಹೇಳುತ್ತಿದ್ದಳು: ‘ಮುಟ್ಟಿನ ಬಟ್ಟೆಯನ್ನು ಕತ್ತಲೆಯಲ್ಲಿ ಬಚ್ಚಿಡಬೇಡಿ, ಬಿಸಿಲಿಗೆ ಒಣಗಿಸಿ.’

ಆಗಲೇ ಸಾವಿತ್ರಕ್ಕನ ಅಜ್ಜಿ ಹಿತ್ತಿಲಿನಿಂದ ಬಂದರು. ಅವರ ಕೋಲಿನ ತುದಿಯಲ್ಲಿ ಗರಿಗರಿಯಾಗಿ ಒಣಗಿದ ಒಂದು ಬಟ್ಟೆ ನೇತಾಡುತ್ತಿತ್ತು.

‘ಇದು ನಿಂದೇನೇ? ಮುಟ್ಟಾಗಿ ಮನೇನೆಲ್ಲಾ ಮುಟ್ಬುಟ್ಟಲ್ಲೇ! ಏಳು, ಓಗು ಕೊಟ್ಟಿಗೆಗೆ.’

‘ಅಂಗಲ್ಲ ಕಣಜ್ಜಿ...’ ಎಂದ ಸಾವಿತ್ರಕ್ಕ ನಮ್ಮ ಮುಖ ನೋಡಿದಳು. ನಾವು ನೆಲ ನೋಡಿದೆವು. ಅವಳು ಎದ್ದು ಹೋದಳು.

ಟೇಪು ಮಾತ್ರ ಓಡುತ್ತಲೇ ಇತ್ತು. ‘ಅದುನ್ನ ನಿಲ್ಸೇ!’ ಎಂದು ಅಜ್ಜಿ ನನ್ನನ್ನು ಗದರಿದರು. ನಾನು ಕೈಚಾಚಿದ ಕೂಡಲೇ ಅವರೇ ತಡೆದರು: ‘ಬ್ಯಾಡ, ಬ್ಯಾಡ! ಅವ್ಳು ಮುಟ್ಟಿರೋದು ಕಣೇ, ನೀನೂ ಮೈಲಿಗೆ ಆಯ್ತೀಯ.’

ಚೊಂಬಿನಲ್ಲಿ ಗಂಜಲ ತಂದು ಟೇಪ್ ರೆಕಾರ್ಡರಿನ ಮೇಲೆ ಚಿಮುಕಿಸಿದರು. ಆ ಹೆಂಗಸಿನ ದನಿ ನಿಲ್ಲಲಿಲ್ಲ.

‘ಇನ್ನೇನಾದರೂ ಕೇಳುವುದಿದ್ದರೆ ನಾಚಿಕೊಳ್ಳಬೇಡಿ. ನಿಮ್ಮೂರಿನ ಗೆಳತಿಯನ್ನೇ ಕೇಳಿ.’

ನಾವು ಜಗಲಿಯ ಎದುರಿನ ಕೊಟ್ಟಿಗೆಯ ಕಡೆ ನೋಡಿದೆವು. ಸಾವಿತ್ರಕ್ಕ ಎಮ್ಮೆಯ ಪಕ್ಕ ಗೋಣಿಚೀಲದ ಮೇಲೆ ಕೂತು, ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿದ್ದಳು.