ಗೋಲ್‌ಕೀಪರನ ಹರಕೆ

ಏಳನೆಯ ಫೋನಿನ ಹೊತ್ತಿಗೆ ಬುನ್ಲೆತ್‌ನ ದನಿ ಒಡೆದಿತ್ತು. ಅವನು ಉಬೋನ್ ತಂಡದ ನಾಯಕನನ್ನು ಅಂಗಲಾಚುತ್ತಿದ್ದ. ತನಗಾಗಿ ಅಲ್ಲ, ಖೇಮ್‌ಗಾಗಿ.

ಮೂನ್ ಫುಟ್‌ಬಾಲ್ ಲೀಗಿನಲ್ಲಿ ವರ್ಷದ ಅತ್ಯುತ್ತಮ ಗೋಲ್‌ಕೀಪರನನ್ನು ಆರಿಸುವವರು ಹನ್ನೆರಡು ತಂಡಗಳ ನಾಯಕರು. ಈ ಸಲ ಪಟ್ಟಿಯಲ್ಲಿ ಮೂರು ಹೆಸರುಗಳಿದ್ದವು. ಒಂದು ಲೆಕ್ಕಕ್ಕಷ್ಟೇ. ಉಳಿದವರು ಸುರಿನ್ ತಂಡದ ದನಯ್ ಮತ್ತು ಯಸೋಥೋನ್ ತಂಡದ, ಇಪ್ಪತ್ತೆರಡರ ಖೇಮ್. ಎರಡು ವರ್ಷದ ಹಿಂದೆ ಬುನ್ಲೆತ್‌ನ ಜಾಗ ಹಿಡಿದು ಅವನನ್ನು ಬೆಂಚಿಗೆ ಕೂರಿಸಿದವನು ಇದೇ ಖೇಮ್. ಅಂಥವನ ಪರವಾಗಿ ಮೂವತ್ತೇಳರ ಬುನ್ಲೆತ್ ಹಳೆಯ ಗೆಳೆಯರ ಕಾಲು ಹಿಡಿಯುತ್ತಿದ್ದ.

"ನಿನ್ನದು ದೊಡ್ಡ ಮನಸ್ಸು ಕಣಯ್ಯ," ಎಂದ ಉಬೋನ್ ನಾಯಕ.

ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಜಪಾನಿನ ತಂಡವೊಂದು ಖೇಮ್ ಮೇಲೆ ಕಣ್ಣಿಟ್ಟಿತ್ತು. ಪ್ರಶಸ್ತಿ ಬಂದರೆ ಮಾತ್ರ ಕರೆಸಿಕೊಳ್ಳುತ್ತೇವೆ ಎಂದು ಬರೆದಿತ್ತು. ಯಸೋಥೋನ್ ಕೋಚ್ ಬುನ್ಲೆತ್‌ನನ್ನು ಒಬ್ಬನೇ ಇದ್ದಾಗ ಕರೆದು ಹೇಳಿದ್ದರು: ಖೇಮ್ ಹೋದರೆ ಗೋಲು ನಿನ್ನದು, ಉಳಿದರೆ ನೀನು ಮನೆಗೆ. ಬೆಂಚಿಗೆ ಮುದುಕನನ್ನು ಸಾಕುವ ಶಕ್ತಿ ತಂಡಕ್ಕಿರಲಿಲ್ಲ.

ಮನೆಗೆ ಹೋಗಿ ಮಾಡುವುದಾದರೂ ಏನು? ಹೆಂಡತಿ ರಮ್‌ಪೈ ಬಸ್ ನಿಲ್ದಾಣದ ಬಳಿ ಸುಟ್ಟ ಕೋಳಿ ಮಾರುತ್ತಾಳೆ. ಒಂದು ವಾರ ಅವನನ್ನು ಒಲೆಯ ಮುಂದೆ ಕೂರಿಸಿ ನೋಡಿದಳು. ಅರ್ಧ ಕೋಳಿ ಕರಕಲು, ಅರ್ಧ ಹಸಿ. "ಬೇಕಾದ್ರೆ ನೂರು ಗೋಲು ಬಿಡು, ನನ್ನ ಕೋಳಿ ಮಾತ್ರ ಮುಟ್ಟಬೇಡ," ಎಂದು ಎಬ್ಬಿಸಿ ಕಳಿಸಿದಳು. ಹದಿನಾರನೆಯ ವಯಸ್ಸಿನಿಂದ ಅವನು ಕಲಿತದ್ದು ಎರಡು ಕಂಬಗಳ ನಡುವೆ ನಿಲ್ಲುವುದೊಂದೇ. ಅದೂ ಹೋದರೆ ತಾನು ಯಾರು ಎಂಬ ಭಯ ಅವನನ್ನು ಹಗಲಿಡೀ ಕಾಡುತ್ತಿತ್ತು.

ಜಪಾನಿನ ಕರೆ ಖೇಮ್‌ಗೆ ಗೊತ್ತಿತ್ತು, ಕೋಚ್ ಬುನ್ಲೆತ್‌ಗೆ ಹೇಳಿದ್ದು ಮಾತ್ರ ತಿಳಿಯದು. ಅಭ್ಯಾಸ ಮುಗಿದ ಮೇಲೂ ತನ್ನನ್ನು ನಿಲ್ಲಿಸಿಕೊಂಡು ನೂರು ಚೆಂಡು ಒದೆಯುವ ಬುನ್ಲೆತ್ ಎಂದರೆ ಅವನಿಗೆ ದೇವರಂಥ ಅಣ್ಣ. ಒಮ್ಮೆ ಮಾತಿಗೆ ಕೇಳಿದ್ದ, ಅಣ್ಣನಿಗೆ ಈ ಪ್ರಶಸ್ತಿ ಯಾವತ್ತೂ ಬರಲಿಲ್ಲವೇ ಎಂದು. ನಾಲ್ಕು ಸಲ ಪಟ್ಟಿಯಲ್ಲಿದ್ದೆ, ನಾಲ್ಕು ಸಲವೂ ಬರಿಗೈಲಿ ಬಂದೆ ಎಂದು ಬುನ್ಲೆತ್ ನಕ್ಕಿದ್ದ. ಖೇಮ್ ನಗಲಿಲ್ಲ.

ಮತದಾನಕ್ಕೆ ಮೂರು ದಿನ ಇರುವಾಗ ಸುದ್ದಿ ಬಂತು. ದನಯ್ ಗೆಲ್ಲಲೆಂದು ಸುರಿನ್‌ನವರು ತಮ್ಮೂರ ದೇವರಿಗೆ ಸಾವಿರ ಬೇಯಿಸಿದ ಮೊಟ್ಟೆಯ ಹರಕೆ ಹೊತ್ತಿದ್ದರು. ಬೆಳಿಗ್ಗೆಯೇ ಬುನ್ಲೆತ್ ಖೇಮ್‌ನನ್ನು ಬೈಕಿಗೆ ಹತ್ತಿಸಿಕೊಂಡು ಊರ ಅಂಚಿನ ಚಾವೊಫೊ ದೇವರ ಗುಡಿಗೆ ಓಡಿದ.

ಖೇಮ್ ಒಂದು ಹೂಮಾಲೆ, ಒಂದು ಬಾಟಲಿ ಕೆಂಪು ಶರಬತ್ತು ತಂದಿದ್ದ. ಬುನ್ಲೆತ್‌ಗೆ ಮೈಯೆಲ್ಲ ಉರಿಯಿತು.

"ಶರಬತ್ತು ಯಾರು ಬೇಕಾದ್ರೂ ಕೊಡ್ತಾರೆ ಕಣೋ. ಅಲ್ಲಿ ಸಾವಿರ ಮೊಟ್ಟೆ ಬೇಯ್ತಾ ಇದೆ. ಕೊಡೋದಾದ್ರೆ ಕರುಳು ಕಿತ್ತು ಬರೋ ಅಂಥದ್ದನ್ನ ಕೊಡು."

"ಯಾವುದು ಕೊಟ್ರೆ ಜಾಸ್ತಿ ನೋವಾಗುತ್ತೋ ಅದಾ, ಅಣ್ಣ?"

"ಅದೇ. ಗೆಲ್ಲೋವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡ. ನನ್ನ ಹತ್ರಾನೂ."

ತಾನೂ ಮಂಡಿಯೂರಿ, ಖೇಮ್ ಗೆದ್ದರೆ ತಲೆ ಬೋಳಿಸಿಕೊಂಡು ಒಂಬತ್ತು ದಿನ ಭಿಕ್ಷುವಾಗುತ್ತೇನೆ ಎಂದು ಹೇಳಿಕೊಂಡ. ಎದ್ದು ನೋಡಿದರೆ ಖೇಮ್ ಇನ್ನೂ ಹಣೆ ನೆಲಕ್ಕಿಟ್ಟೇ ಇದ್ದ. ಊದುಬತ್ತಿ ಪೂರ್ತಿ ಉರಿದ ಮೇಲೆ ಎದ್ದ, ಕಣ್ಣು ಕೆಂಪಗಾಗಿತ್ತು. ಬುನ್ಲೆತ್‌ಗೆ ಸಮಾಧಾನವಾಯಿತು. ಈ ಊರಿನವರು ಹೆಂಡತಿಗೆ ಕೊಟ್ಟ ಮಾತು ಬೇಕಾದರೆ ಮುರಿದಾರು, ಚಾವೊಫೊ ಎದುರು ಆಡಿದ್ದನ್ನು ಮುರಿದವರಿಲ್ಲ.

ಮರುದಿನ ಖೇಮ್ ಹಳ್ಳಿಯಿಂದ ತಾಯಿಯನ್ನು ಕರೆತಂದು ಊರಿನಲ್ಲಿ ಬಾಡಿಗೆ ಮನೆ ಮಾಡಿಕೊಟ್ಟ. ಹೋಗುವ ಮುಂಚೆ ತಾಯಿಗೊಂದು ನೆಲೆ ಮಾಡುತ್ತಿದ್ದಾನೆ, ಜವಾಬ್ದಾರಿಯ ಮಗ, ಎಂದುಕೊಂಡ ಬುನ್ಲೆತ್. ಆರು ತಿಂಗಳಿಂದ ಕೈಬಿಡದೆ ಓದುತ್ತಿದ್ದ ಜಪಾನೀ ಕಲಿಕೆಯ ಪುಸ್ತಕವನ್ನು ಖೇಮ್ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟ. ಎಲ್ಲ ಬಾಯಿಪಾಠ ಆಗಿರಬೇಕು ಎಂದುಕೊಂಡ ಬುನ್ಲೆತ್. ಆಮೇಲೆ ಮತ್ತೆ ಫೋನು ಹಿಡಿದು, ಮನಸ್ಸು ಡೋಲಾಯಮಾನವಾಗಿದ್ದ ಇಬ್ಬರು ನಾಯಕರ ಮುಂದೆ ಅಕ್ಷರಶಃ ಅತ್ತ.

ಸಮಾರಂಭದ ಸಭಾಂಗಣದಲ್ಲಿ ಅವನು ಕೋಚ್ ಪಕ್ಕ ಕೂತಿದ್ದ. ಅಧ್ಯಕ್ಷರು ಲಕೋಟೆ ಬಿಚ್ಚಿ ಓದಿದರು: ಮೂರನೆಯವನಿಗೆ ಒಂದು ಮತ, ದನಯ್‌ಗೆ ಐದು, ಖೇಮ್‌ಗೆ ಆರು.

ಬುನ್ಲೆತ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದ. ಸುತ್ತಲಿನವರಿಗೂ ಕಣ್ಣು ತುಂಬಿ ಬಂತು. ತನ್ನ ಜಾಗ ಕಸಿದವನ ಗೆಲುವಿಗೆ ಹೀಗೆ ಅಳುವವರನ್ನು ಎಲ್ಲಿ ಕಾಣುವುದು? ಕೋಚ್ ಅವನ ಭುಜ ಅದುಮಿ, ಸೋಮವಾರ ಬಂದು ಒಪ್ಪಂದಕ್ಕೆ ಸಹಿ ಹಾಕು ಎಂದು ಕಿವಿಯಲ್ಲಿ ಹೇಳಿದರು. ಇನ್ನೊಂದು ವರ್ಷ ತಾನು ಗೋಲ್‌ಕೀಪರ್. ಅಷ್ಟು ಸಾಕಿತ್ತು ಅವನಿಗೆ.

ವೇದಿಕೆಯ ಮೇಲೆ ಖೇಮ್ ಮೈಕಿನ ಮುಂದೆ ತಡವರಿಸಿದ. ಟ್ರೋಫಿಯನ್ನು ಎದೆಗೊತ್ತಿಕೊಂಡಿದ್ದ.

"ಇದು ಬುನ್ಲೆತ್ ಅಣ್ಣನ ಮನೆಗೆ ಹೋಗಬೇಕು. ನಾಲ್ಕು ಸಲ ಬರಿಗೈಲಿ ಹೋದವರು. ನನಗೋಸ್ಕರ ಊರೂರಿಗೆ ಫೋನು ಮಾಡಿ ಬೇಡಿಕೊಂಡ್ರು ಅಂತ ಗೊತ್ತಾಯ್ತು. ಅವರ ಕೈಗೆ ಇದನ್ನ ಕೊಡದಿದ್ರೆ ನಾನು ಮನುಷ್ಯನೇ ಅಲ್ಲ ಅನ್ನಿಸ್ತು. ಈಗ ಗೆದ್ದಾಯ್ತಲ್ಲ, ನನ್ನ ಹರಕೆ ಹೇಳಬಹುದು."

ಬುನ್ಲೆತ್ ಕಣ್ಣೊರೆಸಿಕೊಂಡು ತಲೆಯೆತ್ತಿದ.

"ಜಾಸ್ತಿ ನೋವಾಗೋದನ್ನೇ ಕೊಡು ಅಂದ್ರಿ ಅಣ್ಣ, ಅದಕ್ಕೇ ಜಪಾನ್ ಕೊಟ್ಟುಬಿಟ್ಟೆ, ಇನ್ನು ಹತ್ತು ವರ್ಷ ನಾನು ಯಸೋಥೋನ್ ಗೋಲು ಬಿಟ್ಟು ಕದಲಲ್ಲ."