ಎರಡನೇ ಅರ್ಜಿದಾರಳು

"ಒಂದನೇ ಅರ್ಜಿದಾರಳು!" ಎಂದು ಗುಮಾಸ್ತ ಕೂಗಿದಾಗ ಸೊಸೆ ಎದ್ದು ಕಟಕಟೆ ಹತ್ತಿದಳು. ಬೆಂಚಿನ ಮೇಲೆ ಉಳಿದ ಅತ್ತೆಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಲಾರಿಗೆ ಸಿಕ್ಕಿ ಸತ್ತವನು ತಾನು ಹೆತ್ತ ಮಗ. ಆದರೆ ಪರಿಹಾರದ ಅರ್ಜಿಯಲ್ಲಿ ಮೂರು ವರ್ಷ ಸಂಸಾರ ಮಾಡಿದವಳು ಒಂದನೆಯವಳು, ಮೂವತ್ತು ವರ್ಷ ಸಾಕಿದವಳು ಎರಡನೆಯವಳು. ಅವನ ಮುಖವನ್ನು ಕೊನೆಯ ಸಲ ನೋಡಿದವಳೂ ಈ ಸೊಸೆಯೇ. ಅವನು ಸತ್ತ ದಿನ ಬೆಳಿಗ್ಗೆ ತಾನು ಜ್ವರದಲ್ಲಿ ಮೈಮರೆತು ಮಲಗಿದ್ದಳು. ದೇವರೇ, ಇವಳ ನಾಲಿಗೆ ತಡವರಿಸಲಿ ಎಂದು ಬೇಡಿಕೊಂಡವಳು, ಮರುಕ್ಷಣವೇ ನಾಚಿ ತಲೆ ತಗ್ಗಿಸಿದಳು.

ಲಾರಿ ಕಂಪನಿಯ ವಕೀಲ ಕನ್ನಡಕ ಸರಿಮಾಡಿಕೊಂಡ. "ನಿಮ್ಮ ಯಜಮಾನರು ಲಿಫ್ಟ್ ರಿಪೇರಿಯವರು. ಅವತ್ತು ಕೆಲಸಕ್ಕೆ ತಡ ಆಗಿತ್ತು. ಅವಸರಕ್ಕೆ ಬಿದ್ದು ಅವರೇ ಲಾರಿಗೆ ಅಡ್ಡ ಬಂದ್ರು, ಅಲ್ವಾ?"

"ಅವಸರಾನಾ? ಸ್ಟಾರ್ಟ್ ಮಾಡಿದ್ದ ಬೈಕ್ ಆಫ್ ಮಾಡಿ ವಾಪಸ್ ಒಳಗೆ ಹೋದ್ರು ಸ್ವಾಮಿ. ಅತ್ತೆಗೆ ಹೊದಿಕೆ ಸರಿಮಾಡಿ, ಹಣೆ ಮುಟ್ಟಿ, ಅಲ್ಲೇ ನಿಂತ್ಬಿಟ್ರು. ನಾನು ಬಾಗಿಲಲ್ಲಿ ಊಟದ ಡಬ್ಬಿ ಹಿಡ್ಕೊಂಡು ಕಾದೆ. ಡಬ್ಬಿ ಇಸ್ಕೊಂಡು ಹೊರಟೇ ಹೋದ್ರು, ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ." ಸೊಸೆಯ ದನಿ ಒಡೆಯಿತು. "ಇದನ್ನ ಇಷ್ಟು ದಿನ ಅತ್ತೆಗೆ ಹೇಳಿರ್ಲಿಲ್ಲ. ಹೊಟ್ಟೆಕಿಚ್ಚು ನಂಗೆ."

ಅತ್ತೆ ತನ್ನ ಹಣೆಯನ್ನು ಅಂಗೈಯಿಂದ ಮೆಲ್ಲಗೆ ಮುಟ್ಟಿಕೊಂಡಳು. ಸೊಸೆ ಇಳಿದು ಬಂದು ಪಕ್ಕದಲ್ಲಿ ಕೂತಾಗ ಅದೇ ಕೈಯನ್ನು ಅವಳ ಕೆನ್ನೆಗೆ ಒತ್ತಿದಳು.

"ತಗೋ," ಎಂದಳು, "ಇದು ನಿನ್ನ ಪಾಲು."